ಎರಡು ಬಟನ್ನಿನ ಡಿಕ್ಷನರಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸ್ಟೇಷನ್ ರಸ್ತೆಯ ಅಂಗಡಿಯವರೆಲ್ಲ ಹೇಳುತ್ತಾರೆ. ಹೇಳಲಿ. ಇಷ್ಟು ವರ್ಷ ಮೊಬೈಲ್ ರಿಪೇರಿ ಮಾಡಿಯೂ ಸಿಟ್ಟು ಬಾರದವನು ಇದ್ದರೆ ನನಗೂ ತೋರಿಸಿ, ಕೈಮುಗಿದು ಬರುತ್ತೇನೆ. ಎಮ್ಮೆ ನೀರು ಕುಡಿಯುವ ಬಾನಿಯಲ್ಲಿ ಬಿದ್ದ ಫೋನನ್ನು ತಂದು, "ಏನೂ ಆಗಿಲ್ರಿ, ತಾನ ಬಂದ್ ಆಗೈತಿ" ಅನ್ನುತ್ತಾರೆ. ಬಿಚ್ಚಿದರೆ ಒಳಗಿನಿಂದ ನೀರು ಸೋರುತ್ತದೆ. ಆಗ ನಾನು ಏನಾದರೂ ಅಂದರೆ ನಾನು ಸಿಡುಕ.

ನಾನು ಹೇಳಹೊರಟಿರುವುದು ಬಿಜಾಪುರ ಹೋಗಿ ವಿಜಯಪುರ ಎಂದು ಹೆಸರಾಗಿ ಹೆಚ್ಚು ದಿನ ಆಗಿರದ ಕಾಲದ ಮಾತು. ಟಚ್ ಫೋನು ಊರಿಗೆ ಬಂದಿತ್ತು, ಆದರೆ ಟಿಕೋಟಾ, ಬಬಲೇಶ್ವರದ ಕಡೆಯಿಂದ ನನ್ನ ಅಂಗಡಿಗೆ ಬರುವವರ ಕೈಯಲ್ಲಿ ಇನ್ನೂ ಬಟನ್ ಫೋನೇ ಇತ್ತು. ಜಾವಾ ಫೋನು ಅನ್ನುತ್ತಿದ್ದೆವು. ಅದರಲ್ಲಿ ಸಣ್ಣ ಸಣ್ಣ ಆಟಗಳನ್ನು ಹಾಕಬಹುದಿತ್ತು. ಕಂಪ್ಯೂಟರ್ ಕೋರ್ಸು ಮುಗಿಸಿದವನಾದ ನಾನು ಅಂಥ ಎರಡು ಆಟಗಳನ್ನು ಸ್ವತಃ ಬರೆದಿದ್ದೆ. ಒಂದರಲ್ಲಿ ಎತ್ತು ಓಡುತ್ತಿತ್ತು, ಇನ್ನೊಂದರಲ್ಲಿ ಏನೂ ಆಗುತ್ತಿರಲಿಲ್ಲ. ಆದರೂ ಈ ರಸ್ತೆಯಲ್ಲಿ ಪ್ರೋಗ್ರಾಮ್ ಬರೆಯಲು ಬರುವ ರಿಪೇರಿಯವನು ನಾನೊಬ್ಬನೇ ಎಂಬ ಸೊಕ್ಕು ನನಗೆ ಇತ್ತು.

ಒಂದು ದಿನ ಮಧ್ಯಾಹ್ನ ಸುಮಾರು ಮೂವತ್ತು ವರ್ಷದ ಹೆಣ್ಣುಮಗಳೊಬ್ಬಳು ಬಂದು ಕೌಂಟರಿನ ಮುಂದೆ ನಿಂತಳು. ನರ್ಸಿಂಗ್ ಕಲಿಯುವವರ ಬಿಳಿ ಕೋಟು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಕೈಯಲ್ಲಿ ಫೋನು ಇರಲಿಲ್ಲ.

"ಅಣ್ಣಾರ, ಬಟನ್ ಫೋನಿನ್ಯಾಗ ಡಿಕ್ಷನರಿ ಹಾಕಿ ಕೊಡ್ತೀರೇನ್ರಿ?" ಎಂದು ಕೇಳಿದಳು.

"ಹಾಡ ಹಾಕ್ತೀನಿ, ಸಿನಿಮಾ ಹಾಕ್ತೀನಿ. ಡಿಕ್ಷನರಿ ಆಗೂದಿಲ್ರಿ ಅಕ್ಕಾರ," ಅಂದೆ. "ಪುಸ್ತಕದ್ದ ತಗೋರಿ."

"ಇತ್ರೀ. ಆಡ ತಿಂತು."

ನಾನು ತಲೆ ಎತ್ತಿ ನೋಡಿದೆ. ಆಕೆ ನಗುತ್ತಿರಲಿಲ್ಲ. ಮನೆಯಲ್ಲಿ ಕುರಿಗಳ ಜೊತೆ ನಾಲ್ಕು ಆಡುಗಳೂ ಇವೆಯಂತೆ. ಅದರಲ್ಲೊಂದು ಕಟ್ಟೆಯ ಮೇಲೆ ಇಟ್ಟಿದ್ದ ದಪ್ಪ ಡಿಕ್ಷನರಿಗೆ ಬಾಯಿ ಹಾಕಿ, ಎಸ್ ಅಕ್ಷರದಿಂದ ಮುಂದಿನದನ್ನೆಲ್ಲ ಮೇಯ್ದು ಮುಗಿಸಿತ್ತು. "ಹೋದ ಪರೀಕ್ಷೆದಾಗ ಎರಡ ವಿಷಯ ಫೇಲ್ ಆಗೀನ್ರಿ. ಪೂರಾ ಆಡಿಂದ ತಪ್ಪಲ್ಲ," ಎಂದು ತಾನೇ ಸೇರಿಸಿದಳು.

ಆಮೇಲೆ ಒಂದೊಂದಾಗಿ ವಿಷಯ ಹೇಳಿದಳು. ಆಕೆ ಟಿಕೋಟಾದವಳು. ಬಬಲೇಶ್ವರದ ತವರಿನಲ್ಲಿದ್ದಾಗ ಕನ್ನಡ ಮೀಡಿಯಂನಲ್ಲಿ ಪಿಯುಸಿ ಓದಿದ್ದಳು. ಗಂಡ ಲಾರಿ ಡ್ರೈವರ್, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಮನೆಯಲ್ಲಿ ಆರು ವರ್ಷದ ಮಗಳು, ಒಂದು ಎಕರೆ ದ್ರಾಕ್ಷಿ, ಮೂವತ್ತು ಕುರಿ. ಎಲ್ಲವನ್ನೂ ನೋಡಿಕೊಳ್ಳುವವಳು ಅತ್ತೆ. ಸೊಸೆಯನ್ನು ನರ್ಸಿಂಗಿಗೆ ಕಳಿಸಿದ್ದೂ ಅತ್ತೆಯೇ. ಆದರೆ ಫೇಲಾದಾಗ ಅತ್ತೆ ಒಂದು ಮಾತು ಹೇಳಿದ್ದಳು: ಇನ್ನೊಂದೇ ಸಲ. ಈ ಸಲ ಆಗಲಿಲ್ಲವೆಂದರೆ ಪುಸ್ತಕ ಕಟ್ಟಿಡು, ಕುರಿ ಹಿಂದೆ ನಡೆ.

"ಆಕಿ ಹೇಳಿದ್ದು ಖರೇನ ಐತ್ರಿ. ವಯಸ್ಸಾಗೈತಿ, ಎಷ್ಟಂತ ಮಾಡ್ತಾಳ," ಅಂದಳು. "ಪುಸ್ತಕೆಲ್ಲಾ ಇಂಗ್ಲಿಷ್ನ್ಯಾಗ ಅದಾವ್ರಿ. ಬಸ್ಸಿನ್ಯಾಗ ಹೋಗೂ ಮುಂದ ಬರೂ ಮುಂದ ಓದ್ಬೇಕು, ನಿಂತಕೊಂಡ. ಫೋನಿನ್ಯಾಗ ಇದ್ರ ಒಂದ ಕೈಲೆ ನೋಡಬಹುದಲ್ರಿ?"

"ಫೋನಿನ್ಯಾಗ ಕನ್ನಡ ಅಕ್ಷರನ ಮೂಡೂದಿಲ್ರಿ. ಬರೇ ಡಬ್ಬಿ ಡಬ್ಬಿ ಕಾಣ್ತಾವ. ಫೋನಿಂದ ದೋಷ ಅದು."

ಆಕೆ ಕೋಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. "ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ," ಎಂದು ಮೆಲ್ಲಗೆ ಅಂದಳು. ನನಗೆ ಕೇಳಿಸುವಷ್ಟು ಮೆಲ್ಲಗೆ.

ಸಿಟ್ಟು ನೆತ್ತಿಗೇರಿತು. "ಹದಿನೈದ ದಿನ ಬಿಟ್ಟ ಬರ್ರಿ," ಅಂದೆ. ಹೀಗೆ ನಾನು ಡಿಕ್ಷನರಿ ಮಾಡಲು ಕುಳಿತೆ. ಪರೋಪಕಾರವೆಂದು ಯಾರಾದರೂ ತಿಳಿದರೆ ಅದು ತಪ್ಪು. ಆಕೆ ಆಡಿದ ಮಾತು ಚುಚ್ಚಿತ್ತು, ಅಷ್ಟೇ.

ಆಕೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು ಹೋಗಿದ್ದಳು. ಡಿಕ್ಷನರಿಯಲ್ಲಿ ಏನೇನು ಇರಬೇಕೆಂಬುದು ಅದರಲ್ಲಿತ್ತು. ಪಾಠದಲ್ಲಿ ಅರ್ಥವಾಗದ ಪ್ರತಿ ಪದವನ್ನು ಬರೆದು, ವಾರ್ಡಿನಲ್ಲಿ ಹಿರಿಯ ನರ್ಸುಗಳನ್ನು ಕಾಡಿ ಬೇಡಿ ಅರ್ಥ ಕೇಳಿ, ತನ್ನ ಮಾತಿನಲ್ಲಿ ಎದುರಿಗೆ ಬರೆದಿಟ್ಟಿದ್ದಳು. ಎಡಿಮಾ ಎಂಬಲ್ಲಿ, "ಬಾವು. ಬೊಟ್ಟಿಲೆ ಒತ್ತಿದ್ರ ಕುಣಿ ಬೀಳತೈತಿ, ಲಗೂನ ತುಂಬೂದಿಲ್ಲ." ನಾಸಿಯಾ ಎಂಬಲ್ಲಿ, "ವಾಂತಿ ಬಂದಂಗ ಆಗೂದು, ಆದ್ರ ಬರಲಾರದ್ದು." ಡಿಹೈಡ್ರೇಶನ್ ಎಂಬಲ್ಲಿ, "ಮೈಯಾನ ನೀರ ಕಡಿಮಿ ಆಗೂದು. ಸಣ್ಣ ಕೂಸಿಂದ ನೆತ್ತಿ ತಗ್ಗ ಬಿದ್ದಿರತೈತಿ, ಮುಟ್ಟಿ ನೋಡಬೇಕು."

ಓದುತ್ತ ಓದುತ್ತ ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಕುಳಿತು ಎಷ್ಟೋ ಪುಸ್ತಕ ತಿರುವಿ ಹಾಕಿದ್ದೇನೆ. ಆದರೆ ರೋಗವನ್ನು ಹೀಗೆ ಕೈಯಿಂದ ಮುಟ್ಟಿ ತೋರಿಸುವ ಬರಹ ನಾನು ಕಂಡಿರಲಿಲ್ಲ. ಬರೆದವಳು ಎರಡು ವಿಷಯದಲ್ಲಿ ಫೇಲಾಗಿದ್ದಾಳೆ ಎಂದರೆ ನಂಬುವುದು ಕಷ್ಟವಾಯಿತು.

ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಕೆಲಸ ಶುರು ಮಾಡಿದೆ. ಫೋನಿನಲ್ಲಿ ಕನ್ನಡ ಅಕ್ಷರ ಇಲ್ಲವಷ್ಟೆ, ಸರಿ. ಅಕ್ಷರ ಇಲ್ಲದಿದ್ದರೆ ಚಿತ್ರವಂತೂ ಮೂಡುತ್ತದಲ್ಲ? ಕಂಪ್ಯೂಟರಿನಲ್ಲಿ ಕ ಕಾ ಕಿ ಕೀ ಎಂದು ಇಡೀ ಕಾಗುಣಿತವನ್ನು ಬರೆದು, ಒಂದೊಂದು ಅಕ್ಷರವನ್ನೂ ಪುಟ್ಟ ಚಿತ್ರವಾಗಿ ಕತ್ತರಿಸಿದೆ. ಒತ್ತಕ್ಷರಗಳನ್ನು ಬೇರೆ ಕತ್ತರಿಸಿ ಕೆಳಗೆ ಅಂಟಿಸುವ ಲೆಕ್ಕ ಹಾಕಿದೆ. ಮೊದಲ ದಿನ ಒತ್ತುಗಳೆಲ್ಲ ಪಕ್ಕದ ಅಕ್ಷರದ ಕಾಲಿಗೆ ಹೋಗಿ ಕುಳಿತವು. ಸರಿ ಮಾಡಿದರೆ ಫೋನು "ದೊಡ್ಡದಾಯಿತು, ನುಂಗಲಾರೆ" ಎಂದು ಹಟ ಹಿಡಿಯಿತು. ಆ ಫೋನುಗಳ ಹೊಟ್ಟೆ ಬಹಳ ಸಣ್ಣದು. ಪದಗಳನ್ನೆಲ್ಲ ಅಕ್ಷರಾನುಕ್ರಮವಾಗಿ ಜೋಡಿಸಿ, ಸಣ್ಣ ಸಣ್ಣ ತುಂಡು ಮಾಡಿ, ಬೇಕಾದ ತುಂಡನ್ನಷ್ಟೇ ಬಾಯಿಗೆ ಕೊಡುವ ಹಾಗೆ ಬರೆದೆ. ಕೂಸಿಗೆ ಅನ್ನ ಉಣಿಸುವ ಹಾಗೆ. ಅಥಣಿ ರಸ್ತೆಯ ಮನೆಗೆ ಊಟಕ್ಕೆ ಹೋದಾಗಲೂ ತಟ್ಟೆಯ ಮೇಲೆ ಬೆರಳಿನಿಂದ ಒತ್ತಕ್ಷರ ಬರೆಯುತ್ತಿದ್ದೆನಂತೆ, ಹೆಂಡತಿ ಹೇಳಿದ್ದು.

ಕೊನೆಗೆ ಆಯಿತು. ಮೊದಲ ಮೂರು ಅಕ್ಷರ ಒತ್ತಿದರೆ ಪದ ಬರುತ್ತಿತ್ತು, ಪದದ ಕೆಳಗೆ ದುಂಡನೆಯ ಕನ್ನಡ. ಪಕ್ಕದ ಅಂಗಡಿಯವರನ್ನು ಕರೆದು ಕರೆದು ತೋರಿಸಿದೆ. ಅಂದು ನನಗಿಂತ ಶಾಣ್ಯಾ ಈ ಜಿಲ್ಲೆಯಲ್ಲೇ ಇಲ್ಲ ಅನ್ನಿಸಿತ್ತು.

ಹದಿನೈದನೇ ದಿನಕ್ಕೆ ಸರಿಯಾಗಿ ಆಕೆ ಬಂದಳು. ನನ್ನ ಫೋನಿನಲ್ಲಿ ತೋರಿಸಿದೆ. ಕಣ್ಣರಳಿಸಿ ನೋಡಿದಳು. ಎಡಿಮಾ ಹುಡುಕಿದಳು. ಮುಖ ಸ್ವಲ್ಪ ಬಾಡಿತು.

"ಶೋಫ? ಇದು ಯಾವೂರ ಮಾತ್ರಿ ಅಣ್ಣಾರ?"

ನಾನು ತಿಳಿದವನಲ್ಲವೇ, ಆಕೆಯ ಕೆಲವು ಅರ್ಥಗಳನ್ನು ತೆಗೆದು ಅಚ್ಚಿನ ಡಿಕ್ಷನರಿಯ ಭಾರಿ ಪದಗಳನ್ನು ಹಾಕಿದ್ದೆ. "ಅದ ಶುದ್ಧ ಐತ್ರಿ," ಅಂದೆ.

"ಶುದ್ಧ ಇರಬಹುದ್ರಿ. ನನಗ ಇದರ ಅರ್ಥ ನೋಡಾಕ ಮತ್ತೊಂದ ಡಿಕ್ಷನರಿ ಬೇಕಾಗತೈತಿ."

ಆಕೆ ಬರೆದಿದ್ದ ಅರ್ಥಗಳನ್ನೇ ತಿರುಗಿ ಹಾಕಿದೆ. ಆಮೇಲೆ, "ಈಗ ನಿಮ್ಮ ಫೋನ್ ಕೊಡ್ರಿ" ಅಂದೆ. ಇಷ್ಟು ದಿನ ಆ ಫೋನನ್ನು ನಾನು ನೋಡಿಯೇ ಇರಲಿಲ್ಲ. ರಿಪೇರಿ ಅಂಗಡಿಯವನು ಫೋನು ನೋಡದೆ ಕೆಲಸ ಮಾಡಿದ್ದು! ಮೊದಲ ದಿನ ಅದು ಅತ್ತೆಯ ಹತ್ತಿರ ಇದ್ದುದರಿಂದ ಆಕೆ ತಂದಿರಲಿಲ್ಲ, ನಾನೂ ಕೇಳಿರಲಿಲ್ಲ.

ಹಾಕಿದೆ, ತೆರೆಯಿತು. ಒಂದನ್ನು ಒತ್ತಿದರೆ ಏನೂ ಇಲ್ಲ. ಎರಡು, ಮೂರು, ಐದು, ಒಂಬತ್ತು, ಯಾವುದನ್ನು ಒತ್ತಿದರೂ ಉತ್ತರವಿಲ್ಲ. ಅಂಕಿಯ ಬಟನ್ನುಗಳೆಲ್ಲ ಸತ್ತಿದ್ದವು. ಬದುಕಿದ್ದವು ಕೀಪ್ಯಾಡಿನಿಂದ ಬೇರೆಯಾಗಿರುವ, ಮೇಲೆ-ಕೆಳಗೆ ಸರಿಸುವ ಬಟನ್ನು ಮತ್ತು ಪರದೆಯ ಕೆಳಗಿನ ದಪ್ಪ ಬಟನ್ನುಗಳು ಮಾತ್ರ. ಬಿಚ್ಚಿದೆ. ಒಳಗೆ ಬೆಳ್ಳಗೆ ಪುಡಿ ಕಟ್ಟಿಕೊಂಡಿತ್ತು. ಬೈಯುತ್ತ ಸ್ವಚ್ಛ ಮಾಡಿ ಹೊಸ ಕೀಪ್ಯಾಡ್ ಹಾಕಿ ಕಳಿಸಿದೆ. ಎಂಟು ದಿನಕ್ಕೆ ಮತ್ತೆ ಬಂದಳು. ಮತ್ತೆ ಅದೇ ಪುಡಿ, ಮತ್ತೆ ಅಂಕಿಗಳು ಸತ್ತಿದ್ದವು.

"ಏನ್ ಹಾಕಾಕತ್ತೀರಿ ಇದರಾಗ? ಹಿಟ್ಟಿನ ಗಿರಣ್ಯಾಗ ಇಡ್ತೀರೇನು?" ಎಂದು ಕೂಗಾಡಿದೆ.

ಆಕೆ ಹೇಳಲೋ ಬೇಡವೋ ಎಂದು ನಿಂತು, ಕೊನೆಗೆ ಬಾಯಿಬಿಟ್ಟಳು. "ಅತ್ತಿ ಸಂಚ್ಯಾಗ ಇಡ್ತಾಳ್ರಿ."

ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳ ಸೊಂಟದಲ್ಲಿ ಎಲೆ ಅಡಿಕೆ ಸುಣ್ಣ ತಂಬಾಕು ಇಡುವ ಬಟ್ಟೆಯ ಸಂಚಿ ಇರುತ್ತದೆ. ಅದರಲ್ಲಿ ಫೋನು! ಸುಣ್ಣದ ಡಬ್ಬಿಯ ಪಕ್ಕ! ಸುಣ್ಣ ಹೊಕ್ಕ ಮೇಲೆ ಕೀಪ್ಯಾಡ್ ಉಳಿಯುವುದುಂಟೇ? ನಾನು ತಲೆ ಚಚ್ಚಿಕೊಂಡೆ. ಫೋನು ಅತ್ತೆಯದು. ಡಿಕ್ಷನರಿ ಹಾಕಿದಂದಿನಿಂದ ಸೊಸೆ ಬಸ್ ಹತ್ತುವಾಗ ಅತ್ತೆ ಅದನ್ನು ಅವಳ ಕೈಗೆ ಕೊಡುತ್ತಾಳೆ. ಸಂಜೆ ಸೊಸೆ ಇಳಿದ ಕೂಡಲೇ ಅದು ತಿರುಗಿ ಸಂಚಿಗೆ.

ಡ್ರಾಯರಿನಲ್ಲಿದ್ದ ಒಂದು ಹಳೆಯ ಫೋನನ್ನು ತೆಗೆದು ಆಕೆಯ ಮುಂದೆ ಇಟ್ಟೆ. "ಇದನ್ನ ಇಟ್ಟಗೋರಿ. ಸುಮ್ನ ಕೊಡಾಕತ್ತೇನಿ."

ಆಕೆ ಮುಟ್ಟಲಿಲ್ಲ. "ಬ್ಯಾಡ್ರಿ. ನಮ್ಮ ಕ್ಲಾಸಿನ್ಯಾಗ ನಿಡೋಣಿದಾಕಿ ಒಬ್ಬಾಕಿ ಅದಾಳ, ಬಬಲೇಶ್ವರದವ್ರು ಇಬ್ರು ಅದಾರ. ಅವ್ರವೂ ಇಂಥಾವ ಫೋನ. ಒಬ್ಬಾಕಿದು ಮೂರ ಬಟನ್ ಇಲ್ಲ, ಒಬ್ಬಾಕಿದು ಅಂಕಿ ಅಳಸಿ ಹೋಗ್ಯಾವ. ನನಗೊಬ್ಬಾಕಿಗೆ ಫೋನ್ ಕೊಟ್ರ ಅವರಿಗೆ ಯಾರ ಕೊಡ್ತಾರ್ರಿ?"

ಫೋನನ್ನು ತಿರುಗಿ ಡ್ರಾಯರಿಗೆ ಹಾಕಿದೆ. ಉತ್ತರ ಹೊಳೆಯದಿದ್ದಾಗ ನನಗೆ ಬರುವುದು ಸಿಟ್ಟು. ಆ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ, ಅತ್ತೆಯನ್ನೇ ಕಂಡು ಬುದ್ಧಿ ಹೇಳಿ ಬರುತ್ತೇನೆಂದು ಭಾನುವಾರ ಮೂರನೇ ಕೀಪ್ಯಾಡನ್ನು ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿ ಟಿಕೋಟಾಕ್ಕೆ ಹೊರಟೆ.

ಅತ್ತೆ ಸಿಕ್ಕಿದ್ದು ಊರಾಚೆಯ ಹೊಲದಲ್ಲಿ. ಕಡಲೆ ಕಿತ್ತ ಹೊಲದಲ್ಲಿ ಕುರಿ ಬಿಟ್ಟುಕೊಂಡು ಕೋಲಿಗೆ ಒರಗಿ ನಿಂತಿದ್ದಳು. ಒಣಗಿದ ಕಡ್ಡಿಯಂಥ ಮೈ, ಸೊಂಟದಲ್ಲಿ ಉಬ್ಬಿದ ಸಂಚಿ. ನಾನು ಯಾರೆಂದು ಹೇಳಿದೆ. ಆಮೇಲೆ ಸುಣ್ಣದ ಬಗ್ಗೆ, ಕೀಪ್ಯಾಡಿನ ಬಗ್ಗೆ, ಸೊಸೆಯ ಪರೀಕ್ಷೆಯ ಬಗ್ಗೆ ಉದ್ದನೆಯ ಭಾಷಣ ಮಾಡಿದೆ. ಪೂರಾ ಕೇಳಿದಳು.

"ಅಲ್ಲೋ ತಮ್ಮಾ, ನಾ ನಲವತ್ತ ವರ್ಷ ಸುಣ್ಣಾ ತಿಂದೀನಿ, ನನ್ನ ಹಲ್ಲ ಗಟ್ಟಿ ಅದಾವ. ನಿನ್ನ ಫೋನ್ ಎಂಟ ದಿನಕ್ಕ ಯಾಕ ಸಾಯತೈತಿ?"

"ಯಮ್ಮಾ, ಅದನ್ನ ಬ್ಯಾರೆ ಕಡೆ ಇಡು ಅಂತೇನಿ."

"ಎಲ್ಲಿಡ್ಲಿ? ಗೂಟಕ್ಕ ಹಾಕಿದ್ರ ಮೊಮ್ಮಗಳು ತಗೀತಾಳ. ಕಟ್ಟಿ ಮ್ಯಾಲ ಇಟ್ರ ಆಡ ಐತಿ. ಈ ಸಂಚಿ ನೋಡ, ಲಗ್ನಾ ಆದಾಗಿಂದ ಒಂದ ದಿನ ಕಳಕೊಂಡಿಲ್ಲ. ಸೊಸಿ ಓದೂ ಸಾಮಾನ ಐತಿ ಅಂತ ಇದರಾಗ ಇಟ್ಟೀನಿ. ಇದಕ್ಕಿಂತ ಜ್ವಾಕಿ ಎಲ್ಲಿ ಮಾಡ್ಲಿ?"

ಅಲಕ್ಷ್ಯದಿಂದ ಫೋನು ಕೆಡಿಸುವವರನ್ನು ದಿನಾಲೂ ನೋಡುತ್ತೇನೆ. ಅತಿಯಾದ ಜೋಪಾನದಿಂದ ಕೆಡಿಸಿದವಳನ್ನು ಮೊದಲ ಸಲ ನೋಡಿದ್ದು. "ಮತ್ತ ನನಗ ಅಂಕಿ ಯಾಕ ಬೇಕೋ?" ಎಂದು ಆಕೆ ಸಂಚಿಯಿಂದ ಫೋನು ತೆಗೆದು ತೋರಿಸಿದಳು. ಓದು ಬರಹ ಬಾರದ ಆಕೆ, ಮೇಲೆ-ಕೆಳಗಿನ ಬಟನ್ನು ಒತ್ತುತ್ತ ಮೇಲಿನಿಂದ ಎಷ್ಟನೆಯದು ಮಗ, ಎಷ್ಟನೆಯದು ಮಗಳು ಎಂದು ಎಣಿಸಿ ಕರೆ ಮಾಡುತ್ತಿದ್ದಳು. ಅಂಕಿಗಳನ್ನು ಆಕೆ ಮುಟ್ಟುತ್ತಲೇ ಇರಲಿಲ್ಲ.

"ಸೊಸಿ ತ್ವಾಟದಾಗ ಅದಾಳ. ನೀರ ಬಂದಿಲ್ಲ ಅಂತ ಒದ್ದ್ಯಾಡಾಕತ್ಯಾಳ. ಹೋಗ, ಉಂಡ ಹೋಗಂತ," ಎಂದು ಕೋಲಿನಿಂದ ದಾರಿ ತೋರಿಸಿದಳು. ಅಲ್ಲಿಂದ ಒಂದು ಕುರಿಯ ಕಡೆಗೆ ಹೊರಟವಳು ಎರಡು ಹೆಜ್ಜೆಗೆ ನಿಂತು, ಮೊಣಕಾಲು ಹಿಡಿದು, ಮತ್ತೆ ನಡೆದಳು. ಸೊಸೆ ಹೇಳಿದ್ದು ಸುಳ್ಳಲ್ಲ, ಹೆಚ್ಚು ದಿನ ಈ ಮುದುಕಿಯಿಂದ ಆಗದು ಎಂದು ನನಗೂ ಅನ್ನಿಸಿತು.

ದ್ರಾಕ್ಷಿ ತೋಟಕ್ಕೆ ನೀರು ಬರುವುದು ದಿಬ್ಬದ ಮೇಲಿನ ತೊಟ್ಟಿಯಿಂದ. ತೊಟ್ಟಿಯಿಂದ ತೋಟದವರೆಗೆ ಉದ್ದಕ್ಕೂ ಕಪ್ಪು ಪೈಪು, ಮೇಲೆ ಗೇಣು ಮಣ್ಣು. ಅಲ್ಲಲ್ಲಿ ಜಾಯಿಂಟ್. ಆ ದಿನ ಎಲ್ಲೋ ಕಸ ಸಿಕ್ಕಿಕೊಂಡು ನೀರು ನಿಂತಿತ್ತು. ಎಲ್ಲಿ ಎಂದು ಹೇಗೆ ತಿಳಿಯಬೇಕು? ನಾನಾಗಿದ್ದರೆ ತೊಟ್ಟಿಯ ಕಡೆಯಿಂದ ಒಂದೊಂದೇ ಜಾಯಿಂಟ್ ಬಿಚ್ಚುತ್ತ ಬರುತ್ತಿದ್ದೆ. ಆಕೆ ಸೀರೆ ಎತ್ತಿ ಕಟ್ಟಿ, ಸಲಿಕೆ ಹಿಡಿದು, ಪೈಪಿನ ನಟ್ಟನಡುವೆ ಹೋಗಿ ಮಣ್ಣು ಸರಿಸಿ ಜಾಯಿಂಟ್ ಬಿಚ್ಚಿದಳು. ನೀರು ಚಿಮ್ಮಿತು.

"ಇಲ್ಲೀತನಾ ಬಂದೈತಿ. ಅಂದ್ರ ಮುಂದಿನ ಅರ್ಧದಾಗ ಐತ್ರಿ," ಅಂದಳು. ಕೂಡಿಸಿದಳು. ಉಳಿದ ಅರ್ಧದ ನಡುವೆ ಹೋಗಿ ಬಿಚ್ಚಿದಳು. ಅಲ್ಲಿ ನೀರು ಇರಲಿಲ್ಲ. ತುಸು ಹಿಂದೆ ಬಂದು ಮತ್ತೆ ನಡುವೆ ಬಿಚ್ಚಿದಳು. ಐದನೇ ಸಲಕ್ಕೆ ಕೆಸರಿನ ಮುದ್ದೆಯೂ ಅದರೊಳಗೆ ಒಂದು ಸತ್ತ ಕಪ್ಪೆಯೂ ಹೊರಬಿದ್ದವು.

"ತುದೀಲಿಂದ ಯಾಕ ಬರಲಿಲ್ರಿ?" ಎಂದು ಕೇಳಿದೆ.

ಆಕೆ ಕೈ ತೊಳೆಯುತ್ತ ನಕ್ಕಳು. "ತುದೀಲಿಂದ ಹೊಂಟ್ರ ಸಂಜಿ ಆಗ್ತೈತ್ರಿ. ನಡು ಬಿಚ್ಚಬೇಕು. ಮ್ಯಾಲ ಐತೋ ಕೆಳಗ ಐತೋ ಅದ ಹೇಳತೈತಿ. ಅರ್ಧ ಕೆಲಸ ಅಲ್ಲೇ ಮುಗೀತು."

ನಾನು ಅಲ್ಲೇ ಬದುವಿನ ಮೇಲೆ ಕುಳಿತುಬಿಟ್ಟೆ. ಈ ಉಪಾಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಸಾವಿರಾರು ಪದಗಳ ನಡುವೆ ಒಂದನ್ನು ಹುಡುಕಲು ಪ್ರೋಗ್ರಾಮಿನಲ್ಲಿ ಬರೆಯುವುದು ಇದನ್ನೇ. ಕೋರ್ಸಿನಲ್ಲಿ ಇದನ್ನು ಬಾಯಿಪಾಠ ಮಾಡಿ ಪಾಸಾದವನು ನಾನು. ನನ್ನ ಡಿಕ್ಷನರಿಯ ಹೊಟ್ಟೆಯೊಳಗೂ ಇದೇ ಇತ್ತು. ಆದರೆ ಅದು ಮಷಿನ್ನಿನ ಕೆಲಸ, ಮನುಷ್ಯರು ಅಕ್ಷರ ಒತ್ತಬೇಕು, ಎಂದು ಯಾರು ಹೇಳಿದ್ದರು? ಈ ಹೆಣ್ಣುಮಗಳಿಗೆ ಎ ಬಿ ಸಿ ಡಿ ಅನುಕ್ರಮ ಗೊತ್ತು. ಯಾವ ಪದ ಮೊದಲು, ಯಾವುದು ಆಮೇಲೆ ಎಂದು ಗೊತ್ತು. ನಟ್ಟನಡುವಿನ ಪದವನ್ನು ತೋರಿಸಿದರೆ ತನ್ನ ಪದ ಮೇಲಿದೆಯೋ ಕೆಳಗಿದೆಯೋ ಎಂದು ಆಕೆಯೇ ಹೇಳಬಲ್ಲಳು. ಹೇಳಲು ಬೇಕಾದದ್ದು ಎರಡೇ ಬಟನ್ನು. ಆ ಎರಡೂ ಬದುಕಿದ್ದವು.

ಜೇಬಿನಲ್ಲಿದ್ದ ಮೂರನೇ ಕೀಪ್ಯಾಡನ್ನು ನಾನು ಹೊರಗೆ ತೆಗೆಯಲೇ ಇಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಮೊಸರು ಉಂಡೆ. ಏನು ಉಂಡೆನೋ ಲಕ್ಷ್ಯವಿರಲಿಲ್ಲ ಎಂದು ಬರೆಯಬೇಕೆನ್ನಿಸುತ್ತದೆ. ಅದು ಸುಳ್ಳು, ಹಿಂಡಿ ಬಹಳ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ನಾಲ್ಕು ದಿನದಲ್ಲಿ ಹೊಸದು ತಯಾರಾಯಿತು. ತೆರೆದರೆ ಪರದೆಯ ಮೇಲೆ ಒಂದೇ ಪದ, ಪಟ್ಟಿಯ ನಡುವಿನದು. ಬೇಕಾದ ಪದ ಅದಕ್ಕಿಂತ ಮೊದಲಿದ್ದರೆ ಮೇಲೆ ಒತ್ತು, ಆಮೇಲಿದ್ದರೆ ಕೆಳಗೆ ಒತ್ತು. ಪ್ರತಿ ಒತ್ತಿಗೆ ಅರ್ಧ ಪಟ್ಟಿ ಕಳಚಿ ಬೀಳುತ್ತದೆ. ಹತ್ತು ಹನ್ನೊಂದು ಒತ್ತಿನೊಳಗೆ ಪದ ಎದುರಿಗೆ ಬಂದು ನಿಲ್ಲುತ್ತದೆ. ತಪ್ಪಿ ಒತ್ತಿದರೆ ಒಂದು ಹೆಜ್ಜೆ ಹಿಂದೆ ಬರಲು ಪರದೆಯ ಕೆಳಗಿನ ದಪ್ಪ ಬಟನ್ನು. ಅಂಕಿ ಬೇಕಿಲ್ಲ, ಅಕ್ಷರ ಒತ್ತಬೇಕಿಲ್ಲ, ಕೀಪ್ಯಾಡಿನ ಗೋಜೇ ಇಲ್ಲ.

ಆಕೆ ಅಂಗಡಿಯಲ್ಲಿ ನಿಂತೇ ಹುಡುಕಿ ನೋಡಿದಳು. ಹೆಬ್ಬೆರಳು ಮೇಲೆ, ಕೆಳಗೆ, ಕೆಳಗೆ, ಮೇಲೆ. ನನಗಿಂತ ಬೇಗ ಹುಡುಕಿದಳು. "ಇದು ನಮ್ಮ ಪೈಪ್ ಐತಲ್ರಿ!" ಎಂದು ಕೂಗಿದಳು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಉಪಾಯ ನಿಮ್ಮದೇ, ನಾನು ಬರೆದೆ ಅಷ್ಟೆ ಎಂದು ಹೇಳಿದೆ. ಇದನ್ನು ಹೇಳಲು ನನ್ನಂಥವನಿಗೆ ಎಷ್ಟು ಕಷ್ಟ ಎಂಬುದು ನನ್ನನ್ನು ಬಲ್ಲವರಿಗೆ ಗೊತ್ತು.

ಆಮೇಲೆ ಅದು ನನ್ನ ಕೈಯಲ್ಲಿ ಉಳಿಯಲಿಲ್ಲ. ಬಬಲೇಶ್ವರದ ಬಸ್ಸಿನಲ್ಲಿ ಬ್ಲೂಟೂತ್ ಮೂಲಕ ಒಬ್ಬಳ ಫೋನಿನಿಂದ ಇನ್ನೊಬ್ಬಳ ಫೋನಿಗೆ ಹೋಯಿತು. ಆ ನೋಟ್‌ಬುಕ್ ಈಗ ನಾಲ್ವರ ಕೈಯಲ್ಲಿ ತಿರುಗುತ್ತಿತ್ತು. ನಿಡೋಣಿಯವಳು ಬರೆದ ಅರ್ಥಗಳಲ್ಲಿ ಎತ್ತು ಎಮ್ಮೆಗಳ ಹೋಲಿಕೆ ಹೆಚ್ಚು. ಬಬಲೇಶ್ವರದ ಇಬ್ಬರೂ ಒಂದೇ ಪದಕ್ಕೆ ಬೇರೆ ಬೇರೆ ಅರ್ಥ ಬರೆದು ಪುಟದಲ್ಲೇ ಜಗಳಾಡಿದ್ದರು. ಎರಡು ವಾರಕ್ಕೊಮ್ಮೆ ಸೋಮವಾರ ನೋಟ್‌ಬುಕ್ ನನ್ನ ಕೌಂಟರಿಗೆ ಬರುತ್ತಿತ್ತು. ಹೊಸ ಪದಗಳನ್ನು ಸೇರಿಸಿ ಕೊಡುತ್ತಿದ್ದೆ. ಗಿರಾಕಿಗಳ ಮೇಲೆ ಕೂಗಾಡುವುದು ಸೋಮವಾರ ಸ್ವಲ್ಪ ಕಡಿಮೆ ಎಂದು ಪಕ್ಕದ ಅಂಗಡಿಯವರು ಗುರುತಿಸಿದ್ದರು.

ಒಮ್ಮೆ ಕೇಳಿದೆ, ಮನೆಯಲ್ಲಿ ಯಾವಾಗ ಓದುತ್ತೀರಿ ಎಂದು. "ಸಂಜೀಕ ರೊಟ್ಟಿ ಬಡ್ಯೂ ಮುಂದ್ರಿ," ಅಂದಳು. ಕೈಯೆಲ್ಲ ಹಿಟ್ಟಾಗಿರುವಾಗ ಫೋನು ಹಿಡಿಯುವುದು ಹೇಗೆ? "ಅತ್ತಿ ಹಿಡೀತಾಳ್ರಿ. ಮಗ್ಗಲದಾಗ ಕುಂತ ನನ್ನ ಮಾರಿ ಮುಂದ ಹಿಡದ, ಮ್ಯಾಲೋ ಕೆಳಗೋ ಅಂತ ಕೇಳತಾಳ. ನಾ ಹೇಳ್ತೀನಿ, ಆಕಿ ಒತ್ತತಾಳ. ನಾ ತಪ್ಪ ಹೇಳಿದ್ರ, ನಿನ್ನ ಲಕ್ಷ್ಯ ಎಲ್ಲಿ ಐತಿ ಬೇ ಅಂತ ಬೈತಾಳ." ಒಂದಕ್ಷರ ಓದಲು ಬಾರದ ಆ ಮುದುಕಿ, ಸುಣ್ಣ ಮೆತ್ತಿದ ಹೆಬ್ಬೆರಳಿನಿಂದ ಇಂಗ್ಲಿಷ್ ಡಿಕ್ಷನರಿ ಹುಡುಕುತ್ತಿದ್ದಳು. ಆ ಎರಡು ಬಟನ್ನು ಅವಳಿಗಾಗಿಯೇ ಉಳಿದಿದ್ದವು ಅನ್ನಿಸಿತು.

ಪರೀಕ್ಷೆ ಬಂತು, ಮುಗಿಯಿತು. ಫಲಿತಾಂಶ ಕಂಪ್ಯೂಟರಿನಲ್ಲಿ ಬರುವ ದಿನ ನಾನು ಬೆಳಿಗ್ಗೆಯಿಂದ ಕುರ್ಚಿಯಲ್ಲಿ ಕೂರಲಾರದೆ ಎದ್ದು ಕೂತು ಮಾಡುತ್ತಿದ್ದೆ. ಆಕೆಯ ನಂಬರು ನನ್ನ ಹತ್ತಿರ ಇರಲಿಲ್ಲ. ಬರುತ್ತಾಳೆ ಎಂದು ದಾರಿ ನೋಡಿದೆ. ಹನ್ನೊಂದರ ಸುಮಾರಿಗೆ ಬಂದದ್ದು ಅತ್ತೆ. ಒಬ್ಬಳೇ. ಅಂಗಡಿಯ ಮೂರು ಮೆಟ್ಟಿಲನ್ನು ಶಟರಿನ ಚೌಕಟ್ಟು ಹಿಡಿದು ಹತ್ತಿದಳು. ಸಂಚಿಯಿಂದ ನಾಲ್ಕು ಮಡಿಕೆಯ ಹಾಲ್ ಟಿಕೆಟ್ ತೆಗೆದು ಕೊಟ್ಟಳು. ಅದಕ್ಕೂ ಸುಣ್ಣ ಹತ್ತಿತ್ತು.

"ಸೊಸಿ ಎಲ್ಲಿ?" ಅಂದೆ.

"ಕುರಿ ಕಾಯಾಕ ಹೋಗ್ಯಾಳ. ಇವತ್ತಿಂದ ರೂಢಿ ಮಾಡ್ಕೋತೀನಿ ಅತ್ತಿ, ಹೆಂಗೂ ಪುಸ್ತಕ ಕಟ್ಟಿಡೂದೈತಿ ಅಂದ್ಲು. ನೋಡಾಕ ಬರೂ ಧೈರ್ಯ ಆಗಲಿಲ್ಲ ಆಕಿಗೆ. ನೋಡಪಾ ನೀ."

ನಂಬರು ಹಾಕಿದೆ. ಮೊದಲ ಸಲ ಒಂದು ಅಂಕಿ ತಪ್ಪಿತು. ಮತ್ತೆ ಹಾಕಿದೆ. ಪುಟ ನಿಧಾನವಾಗಿ ಕೆಳಗಿಳಿಯಿತು. ಎಲ್ಲ ವಿಷಯದಲ್ಲೂ ಪಾಸಾಗಿದ್ದಳು.

"ಪಾಸ್ ಆಗ್ಯಾಳ ಯಮ್ಮಾ! ಪೂರಾ ಪಾಸ್!"

"ಎಲ್ಲೈತಿ? ತೋರ್ಸು."

ಪಾಸ್ ಎಂದು ಬರೆದಿದ್ದ ಜಾಗವನ್ನು ತೋರಿಸಿದೆ. ಪರದೆಯ ಮೇಲೆ ಆ ಜಾಗಕ್ಕೆ ಬೆರಳಿಟ್ಟು ನೋಡಿದಳು. ಅಳಲಿಲ್ಲ, ನಗಲೂ ಇಲ್ಲ. ಆಮೇಲೆ ಸ್ಟೂಲಿನ ಮೇಲೆ ಕುಳಿತು ನೀರು ಕೊಡು ಎಂದಳು.

ನೀರು ಕೊಟ್ಟು, ನನ್ನ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ. "ಯಮ್ಮಾ, ಫೇಲ್ ಆಗಿದ್ರ? ಖರೇನ ಓದು ಬಿಡಸ್ತಿದ್ದೇನು?"

ಆಕೆ ಲೋಟ ಕೆಳಗಿಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು. "ಮತ್ತೊಂದ ಸಲ ಅಂತಿದ್ನಿ. ಇದ ಕಡೀದು ಅಂತಿದ್ನಿ. ಅದೂ ಆಗಲಿಲ್ಲಂದ್ರ ಮತ್ತೊಂದ ಸಲ."

"ಮತ್ತ ಆಕಿಗೆ ಹಂಗ್ಯಾಕ ಹೇಳಿದಿ? ಹೆದರಿ ಸತ್ತಾಳಲ್ಲ."

"ನೀ ಕಲತಾಂವ ಅದೀ, ತಿಳಿಯೂದಿಲ್ಲೇನೋ? ನಾ ಎಷ್ಟ ವರ್ಷ ಆದ್ರೂ ಕಾಯ್ತೀನಿ ಅಂದಿದ್ರ, ನನ್ನ ಮೊಣಕಾಲ ನೋಡಿ ಆಕಿ ಅವತ್ತ ಓದ ಬಿಡ್ತಿದ್ಲು. ಒಂದ ಸಲ ಅಂತ ಗಡುವ ಇಟ್ಟಿದ್ದಕ್ಕ, ಅತ್ತಿಗೆ ಇನ್ನ ಇದೊಂದ ಸಲಾನ ತ್ರಾಸ ಅಂತ ಓದಾಕ ಒಪ್ಪಿದ್ಲು."

ನಾನು ಆ ಪುಟವನ್ನು ಪ್ರಿಂಟ್ ತೆಗೆದು ಕೊಟ್ಟೆ. ಅದನ್ನೂ ನಾಲ್ಕು ಮಡಿಕೆ ಮಾಡಿ ಸಂಚಿಗೆ ಹಾಕಿದಳು. ಎದ್ದು, ಚೌಕಟ್ಟು ಹಿಡಿದು, ಅಡ್ಡಡ್ಡವಾಗಿ ಒಂದೊಂದೇ ಮೆಟ್ಟಿಲು ಇಳಿದಳು. ಕೊನೆಯ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದಳು.

"ಆಕಿ ಮುಂದ ಬಾಯಿ ಬಿಟ್ಟಗಿಟ್ಟಿ ಮತ್ತ. ಇನ್ನೂ ಎರಡ ವರ್ಷ ಓದೂದೈತಿ ಆಕಿದು."

ಬಿಡುವುದಿಲ್ಲ ಅಂದೆ. ಟಿಕೋಟಾದ ಬಸ್ಸಿಗೆ ಹೊತ್ತಾಗಿತ್ತು. ಆಕೆ ಕುಂಟುತ್ತಲೇ ಬೇಗ ಬೇಗ ನಡೆದು ಹೋದಳು.